ಶಿರಸಿಯಲ್ಲಿ ಕೂತು ಕಾರವಾರದ ಬೆಕ್ಕನ್ನು ನೋಡುವುದು ಹೇಗೆ

ಕಾರವಾರದ ಕಾಜುಬಾಗದಲ್ಲಿ ನಮ್ಮದು ಬಾಡಿಗೆ ಮನೆ. ನಾವಿಬ್ಬರು, ಕರಿಯ ಎಂಬ ನಾಯಿ, ಚಿನ್ನು ಎಂಬ ಬೆಕ್ಕು. ಊರು ಶಿರಸಿ ಹತ್ತಿರ. ತಿಂಗಳಿಗೊಮ್ಮೆ ಆಯಿಯನ್ನು ನೋಡಲು ದೇವಿಮನೆ ಘಟ್ಟ ಹತ್ತುತ್ತೇವೆ. ಕರಿಯ ಕಾರಿನ ಹಿಂದಿನ ಸೀಟಿನಲ್ಲಿ ಕಿಟಕಿಗೆ ಮೂಗು ಹಚ್ಚಿಕೊಂಡು ಬರುತ್ತಾನೆ. ಚಿನ್ನುವನ್ನು ಒಮ್ಮೆ ಬುಟ್ಟಿಯಲ್ಲಿ ಕೂರಿಸಿಕೊಂಡು ಹೊರಟಿದ್ದೆವು. ಅಂಕೋಲಾ ಬರುವಷ್ಟರಲ್ಲಿ ಅದೂ ಸುಸ್ತು, ನಾವೂ ಸುಸ್ತು. ಅಂದಿನಿಂದ ಅದು ಮನೆಯಲ್ಲೇ ಉಳಿಯುತ್ತದೆ. ಎರಡು ಬಟ್ಟಲು ನೀರು, ಒಣ ಆಹಾರ ಇಟ್ಟು, ಪಕ್ಕದ ಮನೆ ಅಕ್ಕನ ಕೈಗೆ ಕೀಲಿ ಕೊಟ್ಟು ಹೊರಡುತ್ತೇವೆ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು. ಅಲ್ಲಿ ಹೋದ ಜೀವಗಳ ಮುಂದೆ ಬೆಕ್ಕಿನ ಚಿಂತೆ ದೊಡ್ಡದಲ್ಲ. ಆದರೆ ಮಳೆಗಾಲದಲ್ಲಿ ಮನೆ ಬಿಟ್ಟು ಹೊರಟರೆ ಹೇಳಿದ ದಿನಕ್ಕೆ ವಾಪಸ್ ಬರುತ್ತೇವೆ ಅನ್ನುವ ಧೈರ್ಯ ಆಮೇಲೆ ನಮಗೆ ಉಳಿಯಲಿಲ್ಲ. ಹಾಗಾಗಿ ಒಂದು ಪುಟ್ಟ ವೈ-ಫೈ ಕ್ಯಾಮೆರಾ ತಂದೆವು. ಬಟ್ಟಲುಗಳು ಕಾಣುವಂತೆ ಹಾಲ್‌ನ ಮೂಲೆಯಲ್ಲಿ ಇಟ್ಟೆವು.

ಮುಂದಿನ ಭಾನುವಾರ ಶಿರಸಿಯ ಮನೆ ಜಗಲಿಯಲ್ಲಿ ಕೂತು ಖುಷಿಯಿಂದ ಫೋನ್ ತೆಗೆದೆ. ತೆರೆಯ ಮೇಲೆ ಬಂದದ್ದು ಎರಡೇ ಪದ: ಕ್ಯಾಮೆರಾ ಆಫ್‌ಲೈನ್.

ಮರುದಿನ ಮನೆಗೆ ಬಂದು ನೋಡಿದರೆ ರೌಟರ್ ಆಫ್ ಆಗಿತ್ತು. ಬಟನ್ ಒತ್ತಿದೆ, ಎಲ್ಲ ಸರಿಯಾಯಿತು. ಮುಂದಿನ ತಿಂಗಳೂ ಹಾಗೇ. ಅದರ ಮುಂದಿನ ತಿಂಗಳೂ ಹಾಗೇ. ಮೊದಲು ಕರೆಂಟನ್ನು ಬೈದೆ. ಆಮೇಲೆ ಇಂಟರ್ನೆಟ್ ಕೊಟ್ಟವರನ್ನು ಬೈದೆ. ಕಡೆಗೆ, ಈ ಚಿತ್ರ ನಮ್ಮ ಹಾಲ್‌ನಿಂದ ಜಗಲಿಯವರೆಗೆ ಯಾವ ದಾರಿಯಲ್ಲಿ ಬರುತ್ತದೆ ಅಂತ ಮೊದಲು ತಿಳಿದುಕೊಳ್ಳೋಣ ಅನ್ನಿಸಿತು. ದಾರಿ ಗೊತ್ತಾಗದೆ ಅದು ಎಲ್ಲಿ ತುಂಡಾಗಿದೆ ಅಂತ ಹುಡುಕುವುದು ಹೇಗೆ?

ಕಾಫಿ ಪಾತ್ರೆಯಿಂದ ಶುರು

ಇಂಥ ಕ್ಯಾಮೆರಾ ಹುಟ್ಟಿದ ಕಥೆ ನಮ್ಮ ಕಥೆಯಷ್ಟೇ ಸಾದಾ. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನವರಿಗೆ ಒಂದು ಕಷ್ಟವಿತ್ತು. ಕಾಫಿ ಕುಡಿಯೋಣ ಅಂತ ಎದ್ದು ಹೋದರೆ ಪಾತ್ರೆ ಖಾಲಿ ಇರುತ್ತಿತ್ತು. ಅದಕ್ಕೆ ಪಾತ್ರೆಯ ಎದುರು ಒಂದು ಕ್ಯಾಮೆರಾ ನಿಲ್ಲಿಸಿ, ಚಿತ್ರ ತಮ್ಮ ಕಂಪ್ಯೂಟರಿನಲ್ಲಿ ಕಾಣುವಂತೆ ಮಾಡಿಕೊಂಡರು. ಅಡ್ಡಕ್ಕೆ 128 ಚುಕ್ಕಿ, ಉದ್ದಕ್ಕೆ 128 ಚುಕ್ಕಿ, ಬಣ್ಣವೂ ಇಲ್ಲ. 1993ರಲ್ಲಿ ಅದನ್ನು ಇಂಟರ್ನೆಟ್ಟಿಗೆ ಬಿಟ್ಟರು. 2001ರಲ್ಲಿ ನಿಲ್ಲಿಸುವವರೆಗೆ ಜಗತ್ತಿನ ಜನ ಆ ಪಾತ್ರೆಯನ್ನು ನೋಡುತ್ತಿದ್ದರು. ಪಾತ್ರೆ ತುಂಬಿದೆಯೋ ಖಾಲಿಯೋ, ಇಷ್ಟೇ ಪ್ರಶ್ನೆ. ಚಿನ್ನುವಿನ ನೀರಿನ ಬಟ್ಟಲಿನ ವಿಷಯದಲ್ಲಿ ನನ್ನ ಪ್ರಶ್ನೆಯೂ ಅದೇ.

ಆಗಿನ ಕ್ಯಾಮೆರಾಕ್ಕೆ ಪಕ್ಕದಲ್ಲಿ ಒಂದು ಕಂಪ್ಯೂಟರ್ ಬೇಕಿತ್ತು. ಈಗ ಕಂಪ್ಯೂಟರ್ ಕ್ಯಾಮೆರಾದ ಹೊಟ್ಟೆಯೊಳಗೇ ಇದೆ. ಅದರ ದೊಡ್ಡ ಕೆಲಸ ಚಿತ್ರವನ್ನು ಹಿಂಡಿ ಸಣ್ಣದು ಮಾಡುವುದು. 1080ಪಿ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಒಟ್ಟು 20 ಲಕ್ಷಕ್ಕೂ ಜಾಸ್ತಿ. ಸೆಕೆಂಡಿಗೆ 15 ಚಿತ್ರದಂತೆ ಇದ್ದದ್ದನ್ನು ಇದ್ದಹಾಗೆ ಕಳಿಸಿದರೆ ಸುಮಾರು 746 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಅಷ್ಟು ಮೆಗಾಬಿಟ್, ವೇಗ ಬೇಕು. ಯಾವ ಮನೆಯಲ್ಲಿದೆ ಅದು? ಎಚ್.264, ಎಚ್.265 ಎಂಬ ಹಿಂಡುವ ವಿಧಾನಗಳು ಇದನ್ನು ಒಂದೆರಡು ಎಂಬಿಪಿಎಸ್‌ಗೆ ಇಳಿಸುತ್ತವೆ. ಉಪಾಯ ಸರಳ. ಆಗೀಗ ಒಂದು ಪೂರ್ತಿ ಚಿತ್ರ ಕಳಿಸುತ್ತವೆ. ನಡುವೆ ಬದಲಾದದ್ದನ್ನು ಮಾತ್ರ ಕಳಿಸುತ್ತವೆ. ಗೋಡೆ, ಕುರ್ಚಿ, ನೆಲ ಎಲ್ಲ ಹಾಗೇ ಇದೆ, ಬಾಲದ ತುದಿ ಮಾತ್ರ ಅಲ್ಲಾಡಿತು ಅಂದರೆ ಬಾಲದ ಸುದ್ದಿ ಹೋದರೆ ಸಾಕು. ಅದಕ್ಕೇ ನಿದ್ದೆ ಮಾಡುವ ಬೆಕ್ಕಿಗೆ ಡೇಟಾ ಕಡಿಮೆ ಖರ್ಚು. ಫ್ಯಾನ್ ಗಾಳಿಗೆ ಕಿಟಕಿ ಪರದೆ ಹಾರುತ್ತಿದ್ದರೆ ಜಾಸ್ತಿ.

ಇಲ್ಲಿ ಹಲವರು ಎಡವುವುದು ಒಂದು ವಿಷಯದಲ್ಲಿ. ಇಂಟರ್ನೆಟ್ ವೇಗ ಅಂತ ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಮನೆಯೊಳಗೆ ಬರುವ ವೇಗ. ನಮಗೆ ಬೇಕಾದದ್ದು ಮನೆಯಿಂದ ಹೊರಗೆ ಹೋಗುವ ವೇಗ, ಅಂದರೆ ಅಪ್‌ಲೋಡ್. ಹಳೆಯ ತಾಮ್ರದ ಫೋನ್ ತಂತಿಯ ಬ್ರಾಡ್‌ಬ್ಯಾಂಡಿನಲ್ಲಿ ಅಪ್‌ಲೋಡ್ ತೀರಾ ಕಡಿಮೆ. ಫೈಬರ್ ಬಂದ ಮನೆಗಳಲ್ಲಿ ಈ ತೊಂದರೆ ಇಲ್ಲ. ಸಿಮ್ ಹಾಕಿದ ಡಾಂಗಲ್ ನಂಬಿಕೊಂಡವರು ಬೇರೊಂದು ಲೆಕ್ಕ ಹಾಕಬೇಕು. 1 ಎಂಬಿಪಿಎಸ್ ಅಂದರೆ, ಎಂಟು ಬಿಟ್ಟಿಗೆ ಒಂದು ಬೈಟಿನಂತೆ, ತಾಸಿಗೆ 450 ಎಂಬಿ. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದರೆ ಮೂರು ತಾಸು ಚಿಲ್ಲರೆಗೆ ಖಾಲಿ. ಪುಣ್ಯಕ್ಕೆ ಸಾಮಾನ್ಯವಾಗಿ ನಾವು ಆಪ್ ತೆರೆದು ನೋಡುವಾಗ ಮಾತ್ರ ಚಿತ್ರ ಹೊರಗೆ ಹೋಗುತ್ತದೆ. ಕ್ಲೌಡ್‌ನಲ್ಲಿ, ಅಂದರೆ ಕಂಪನಿಯ ಕಂಪ್ಯೂಟರಿನಲ್ಲಿ, ರೆಕಾರ್ಡಿಂಗ್ ಹಾಕಿಸಿಕೊಂಡರೆ ಲೆಕ್ಕ ಬೇರೆ.

ನಂಬರ್ ಇಲ್ಲದ ಮನೆ

ಫೋನು ಶಿರಸಿಯಲ್ಲಿ, ಕ್ಯಾಮೆರಾ ಕಾರವಾರದಲ್ಲಿ. ಫೋನಿಗೆ ಕ್ಯಾಮೆರಾದ ಮನೆ ಗೊತ್ತಾಗುವುದು ಹೇಗೆ? ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಇಂಟರ್ನೆಟ್ಟಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಇರಬೇಕು. ಹಳೆಯ ಪದ್ಧತಿಯಲ್ಲಿ, ಅಂದರೆ ಐಪಿವಿ4ನಲ್ಲಿ, ಸಿಗುವುದು ಸುಮಾರು 430 ಕೋಟಿ ವಿಳಾಸ. ಜಗತ್ತಿನ ಜನಸಂಖ್ಯೆಯೇ 800 ಕೋಟಿ ದಾಟಿದೆ. ಹಾಗಾಗಿ ಒಂದು ಮನೆಗೆಲ್ಲ ಸೇರಿ ಒಂದೇ ವಿಳಾಸ. ಒಳಗಿನ ಫೋನ್, ಟಿವಿ, ಕ್ಯಾಮೆರಾಗಳಿಗೆ ರೌಟರ್ ತಾನೇ 192.168 ಅಂತ ಶುರುವಾಗುವ ನಂಬರ್ ಕೊಡುತ್ತದೆ. ಆ ನಂಬರ್ ಹೊಸ್ತಿಲು ದಾಟಿದರೆ ಬೆಲೆ ಇಲ್ಲದ್ದು. ಈಗೀಗ ಕಂಪನಿಗಳು ಹಲವಾರು ಮನೆಗಳಿಗೆ ಸೇರಿ ಒಂದೇ ವಿಳಾಸ ಕೊಡುವುದೂ ಇದೆ.

ನಮ್ಮ ಊರಿನ ಹಾಗೆ ಅಂದುಕೊಳ್ಳಿ. ಮನೆಗಳು ತೋಟದ ನಡುವೆ ಅಲ್ಲೊಂದು ಇಲ್ಲೊಂದು. ಯಾವುದಕ್ಕೂ ನಂಬರ್ ಇಲ್ಲ. ಏನು ಬಂದರೂ ಬಸ್ಸು ನಿಲ್ಲುವಲ್ಲಿನ ಅಂಗಡಿಗೆ ಬರುತ್ತದೆ. ಹೊರಗಿನವರು ನೇರ ಮನೆ ಬಾಗಿಲಿಗೆ ಬರಲಾರರು. ಮನೆಯವರೇ ಅಂಗಡಿಗೆ ಹೋಗಿ, 'ನಂಗೆ ಏನಾದ್ರೂ ಬಂದ್ರೆ ಹೇಳಿ' ಅಂದಿರಬೇಕು. ಕ್ಯಾಮೆರಾ ಮಾಡುವುದೂ ಅದನ್ನೇ. ಪ್ಲಗ್ ಹಾಕಿದ ಕೂಡಲೇ ಅದು ತನ್ನ ಕಂಪನಿಯ ಸರ್ವರಿಗೆ, ಅಂದರೆ ಸದಾ ಚಾಲೂ ಇರುವ ಕಂಪ್ಯೂಟರಿಗೆ, ಹೋಗಿ ಹೆಸರು ಹೇಳುತ್ತದೆ. ಆಮೇಲೂ ಆಗಾಗ 'ನಾನಿದ್ದೇನೆ' ಅನ್ನುತ್ತಲೇ ಇರುತ್ತದೆ. ನಾವು ಫೋನಿನಲ್ಲಿ ಆಪ್ ತೆರೆದಾಗ ಫೋನೂ ಅದೇ ಅಂಗಡಿಗೆ ಹೋಗುತ್ತದೆ. ಅಂಗಡಿಯವರು ಇಬ್ಬರಿಗೂ ಪರಿಚಯ ಮಾಡಿಸುತ್ತಾರೆ.

ಪರಿಚಯ ಆದಮೇಲೆ ಒಂದು ಚಮತ್ಕಾರ ನಡೆಯುತ್ತದೆ. ರೌಟರ್ ಹೊರಗಿನಿಂದ ಸುಮ್ನೆ ಬಂದವರನ್ನು ಒಳಗೆ ಬಿಡುವುದಿಲ್ಲ. ಆದರೆ ಒಳಗಿನವರು ಯಾರನ್ನು ಕರೆದರೋ ಅವರ ಉತ್ತರವನ್ನು ಬಿಡುತ್ತದೆ. ಆದ್ದರಿಂದ ಫೋನು, ಕ್ಯಾಮೆರಾ ಎರಡೂ ಒಂದೇ ಹೊತ್ತಿಗೆ ಒಬ್ಬರನ್ನೊಬ್ಬರು ಕರೆಯುತ್ತವೆ. ಎರಡೂ ಕಡೆಯ ರೌಟರಿಗೆ ಅದು ತಮ್ಮ ಮನೆಯವರು ಕೇಳಿದ್ದಕ್ಕೆ ಬಂದ ಉತ್ತರದ ಹಾಗೆ ಕಾಣುತ್ತದೆ. ಬಾಗಿಲು ತೆರೆಯಿತು. ಇನ್ನು ಚಿತ್ರ ನೇರವಾಗಿ ಬರುತ್ತದೆ. ಕೆಲವು ನೆಟ್‌ವರ್ಕಿನಲ್ಲಿ ಈ ಆಟ ನಡೆಯುವುದಿಲ್ಲ. ಆಗ ಚಿತ್ರವೆಲ್ಲ ಕಂಪನಿಯ ಸರ್ವರಿಗೆ ಹೋಗಿ ಅಲ್ಲಿಂದ ಫೋನಿಗೆ ಬರಬೇಕು. ಬೆಕ್ಕು ಹಾರಿ ಇಳಿದು ಎರಡು ಸೆಕೆಂಡ್ ಆದಮೇಲೆ ನಮಗೆ ಅದು ಹಾರುವುದು ಕಾಣುವುದು ಇದರಿಂದಲೂ ಇರಬಹುದು.

ಇದರಿಂದ ಇನ್ನೊಂದು ಮಾತೂ ಗೊತ್ತಾಗುತ್ತದೆ. ಅಂಗಡಿ ಮುಚ್ಚಿದರೆ ನಮ್ಮ ಕ್ಯಾಮೆರಾ ಚೆನ್ನಾಗಿದ್ದೂ ಪ್ರಯೋಜನ ಇಲ್ಲ. ಹೆಸರು ಕೇಳದ ಕಂಪನಿಯ ಅಗ್ಗದ ಕ್ಯಾಮೆರಾ ಕೊಳ್ಳುವ ಮೊದಲು, ಇವರ ಸರ್ವರ್ ನಾಳೆ ಇರುತ್ತದೆಯೇ ಅಂತ ಯೋಚಿಸಬೇಕು. ನಾನಂತೂ ಎಷ್ಟು ಮೆಗಾಪಿಕ್ಸೆಲ್ ಅಂತ ನೋಡುವ ಮೊದಲು ಇದನ್ನೇ ನೋಡುತ್ತೇನೆ.

ಕಲ್ಲು, ಕರೆಂಟು, ಸಿಡಿಲು

ಚಿತ್ರ ಮನೆಯ ಹೊರಗೆ ಹೋಗುವ ಮೊದಲು ರೌಟರ್ ಮುಟ್ಟಬೇಕಲ್ವಾ? ನಮ್ಮ ಕಡೆ ಮನೆಗಳದ್ದು ಚಿರೇಕಲ್ಲಿನ ದಪ್ಪ ಗೋಡೆ. ವೈ-ಫೈ ಒಂದು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಎರಡನೆಯದಕ್ಕೆ ಸುಸ್ತು. ಮನೆ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈ-ಫೈಯನ್ನೇ ಹಿಡಿಯುತ್ತವೆ. 5 ಗಿಗಾಹರ್ಟ್ಸ್‌ಗಿಂತ ವೇಗ ಕಡಿಮೆ, ಆದರೆ ಗೋಡೆ ದಾಟುವುದರಲ್ಲಿ ಅದೇ ಮೇಲು. ಕ್ಯಾಮೆರಾಗೆ ವೈ-ಫೈಯೇ ಸಿಗುತ್ತಿಲ್ಲ ಅನ್ನುವವರು ಮೊದಲು ರೌಟರಿನಲ್ಲಿ 2.4 ಚಾಲೂ ಇದೆಯೇ ನೋಡಿ.

ಆಮೇಲೆ ಕರೆಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂತಿ ಮೇಲೆ ಮರದ ಟೊಂಗೆ ಬೀಳುವುದು ಇಲ್ಲಿ ದಿನದ ಸುದ್ದಿ. ಕ್ಯಾಮೆರಾ ತಿನ್ನುವುದು ಹೆಚ್ಚೆಂದರೆ 5 ವ್ಯಾಟ್. ರೌಟರ್ 8ರಿಂದ 12 ವ್ಯಾಟ್. ಇನ್ವರ್ಟರ್ ಇದ್ದರೆ ಚಿಂತೆಯೇ ಇಲ್ಲ. ಇಲ್ಲದವರಿಗೆ ರೌಟರಿಗೆಂದೇ ಸಿಗುವ ಅಂಗೈ ಅಗಲದ ಯುಪಿಎಸ್ ಇದೆ. ಅದರೊಳಗೆ 2000 ಎಂಎಎಚ್‌ನ ನಾಲ್ಕು ಲಿಥಿಯಂ ಸೆಲ್ ಇದ್ದರೆ ಒಟ್ಟು ಸುಮಾರು 30 ವ್ಯಾಟ್-ತಾಸು. ಅಲ್ಲಿ ಇಲ್ಲಿ ಸೋರಿದ್ದನ್ನು ಕಳೆದು 8 ವ್ಯಾಟಿನ ರೌಟರನ್ನು ಮೂರು ತಾಸು ಎಳೆಯುತ್ತದೆ. ಜಾಸ್ತಿ ಜನ ರೌಟರಿಗೆ ಮಾತ್ರ ಇದನ್ನು ಹಾಕಿ ಕ್ಯಾಮೆರಾವನ್ನು ಗೋಡೆ ಪ್ಲಗ್ಗಿಗೇ ಬಿಡುತ್ತಾರೆ. ಕರೆಂಟ್ ಹೋದಾಗ ಇಂಟರ್ನೆಟ್ ಇರುತ್ತದೆ, ಕಳಿಸಲು ಚಿತ್ರವೇ ಇರುವುದಿಲ್ಲ! ನಮ್ಮಲ್ಲಿ ಕ್ಯಾಮೆರಾ ಮನೆಯ ಸಣ್ಣ ಇನ್ವರ್ಟರಿನಲ್ಲಿತ್ತು, ರೌಟರ್ ಅದರ ಪುಟ್ಟ ಯುಪಿಎಸ್‌ನಲ್ಲಿತ್ತು. ಎರಡಕ್ಕೂ ಆಸರೆ ಇತ್ತು. ಆದರೂ ಆಫ್‌ಲೈನ್. ಹಾಗಾಗಿ ಕರೆಂಟನ್ನು ಬೈದದ್ದು ತಪ್ಪಾಯಿತು ಅಂತ ಇಲ್ಲಿಗೆ ಗೊತ್ತಾಯಿತು.

ಸಿಡಿಲಿನ ಮಾತು ಬೇರೆ. ಮಳೆಗಾಲ ಶುರುವಾಗುವ ಮುಂಚೆ ಒಮ್ಮೆ, ಮುಗಿಯುವಾಗ ಒಮ್ಮೆ ನಮ್ಮ ಕಡೆ ಗುಡುಗು ಜೋರು. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ. ಆದರೆ ರೌಟರಿನ ಅಡಾಪ್ಟರ್ ಕೂತಿರುವುದು ಕರೆಂಟಿನ ತಂತಿಯಲ್ಲೇ. ಗುಡುಗಿದ ಕೂಡಲೇ ಎಲ್ಲ ಪ್ಲಗ್ ಕೀಳುವುದು ಆಯಿಯ ರೂಢಿ. ಮನೆಯಲ್ಲಿ ಯಾರೂ ಇಲ್ಲದಾಗ ಕೀಳುವವರಾರು? ಒಳ್ಳೆಯ ಅರ್ಥಿಂಗ್, ಸರ್ಜ್ ತಡೆಯುವ ಸಾಧನ ಇದ್ದರೆ ಅಪಾಯ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಮೇ ತಿಂಗಳಲ್ಲಿ ನಾವು ಊರಿಗೆ ಹೋಗುವಾಗ ಎಲ್ಲ ಕಿತ್ತಿಟ್ಟು, ಪಕ್ಕದ ಮನೆ ಅಕ್ಕನನ್ನೇ ನಂಬಿಕೊಂಡು ಹೋಗುತ್ತೇವೆ. ಅಕ್ಕನಿಗೆ ಸರ್ವರ್ ಬೇಡ.

ಕೊಟ್ಟಿಗೆಯ ರಾತ್ರಿ

ನಾನು ಕ್ಯಾಮೆರಾ ತಂದ ಸುದ್ದಿ ಶಿರಸಿಯಲ್ಲಿ ಅತ್ತೆಗೆ ಮುಟ್ಟಿತು. ಅವರ ದನ ಗಂಗೆಗೆ ದಿನ ತುಂಬಿತ್ತು. ರಾತ್ರಿ ಎರಡೆರಡು ತಾಸಿಗೆ ಎದ್ದು, ಬ್ಯಾಟರಿ ಹಿಡಿದು ಕೊಟ್ಟಿಗೆಗೆ ಹೋಗಿ ಬರುವುದು ಅರವತ್ತೈದರ ಅತ್ತೆಗೆ ಸುಲಭವಲ್ಲ. ಅಂಗಳದಲ್ಲಿ ಹಾವಿನ ಭಯ, ಚಿರತೆಯ ಭಯ.

ವೈ-ಫೈ ಕೊಟ್ಟಿಗೆಗೆ ಮುಟ್ಟಲಿಲ್ಲ. ನೆಟ್‌ವರ್ಕ್ ಕೇಬಲ್ ಎಳೆದೆವು. ಈ ಕೇಬಲ್ 100 ಮೀಟರ್‌ವರೆಗೆ ಒಯ್ಯಬಹುದು. ಅದರಲ್ಲೇ ಕ್ಯಾಮೆರಾಗೆ ಕರೆಂಟನ್ನೂ ಕಳಿಸುವ ವ್ಯವಸ್ಥೆ ಇದೆ, ಅದಕ್ಕೆ ಪಿಒಇ ಅನ್ನುತ್ತಾರೆ. ಕೊಟ್ಟಿಗೆಯಲ್ಲಿ ಬೇರೆ ಪ್ಲಗ್ ಬೇಡ. ಇದು ಮಾತ್ರ ತಾಮ್ರ, ಗುಡುಗಿದರೆ ಕೀಳಲೇಬೇಕು.

ರಾತ್ರಿ ಕಾಣಲು ಕ್ಯಾಮೆರಾಗಳಿಗೆ ಇನ್‌ಫ್ರಾರೆಡ್ ದೀಪ ಇರುತ್ತದೆ. ಆ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. 850 ನ್ಯಾನೋಮೀಟರಿನ ದೀಪವಾದರೆ ಮಂದ ಕೆಂಪು ಚುಕ್ಕಿಯಂತೆ ತೋರುತ್ತದೆ. 940ರದ್ದು ಅದೂ ಇಲ್ಲ, ಆದರೆ ಚಿತ್ರ ಸ್ವಲ್ಪ ಮಂಕು. ಹಗಲಿನಲ್ಲಿ ಈ ಬೆಳಕು ಬಣ್ಣ ಕೆಡಿಸುತ್ತದೆ ಅಂತ ಸೆನ್ಸರಿನ ಮುಂದೆ ಒಂದು ಫಿಲ್ಟರ್ ಇರುತ್ತದೆ. ಕತ್ತಲಾದಾಗ ಅದು ಪಕ್ಕಕ್ಕೆ ಸರಿಯುತ್ತದೆ. ಸಂಜೆ 'ಟಿಕ್' ಅಂತ ಕೇಳುವುದು ಅದೇ.

ಮೊದಲ ರಾತ್ರಿಯೇ ಅತ್ತೆಯ ಫೋನು ಹತ್ತು ನಿಮಿಷಕ್ಕೊಮ್ಮೆ ಕೂಗಿತು. ಒಂದು ಜೇಡ ದೀಪದ ಎದುರೇ ಬಲೆ ಕಟ್ಟಿತ್ತು. ಇನ್‌ಫ್ರಾರೆಡ್ ಬೆಳಕಿಗೆ ದೀಪದ ಹತ್ತಿರದ ನೂಲು ಹಗ್ಗದ ಹಾಗೆ ಹೊಳೆಯುತ್ತದೆ, ಗಾಳಿಗೆ ಅಲ್ಲಾಡುತ್ತದೆ. ಕ್ಯಾಮೆರಾ ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಹೋಲಿಸಿ, ಎಲ್ಲಿ ಜಾಸ್ತಿ ಬದಲಾಗಿದೆಯೋ ಅದನ್ನೇ ಚಲನೆ ಅನ್ನುತ್ತದೆ. ಅದಕ್ಕೆ ಜೇಡವೂ ಒಂದೇ, ಚಿರತೆಯೂ ಒಂದೇ. ಮನುಷ್ಯ, ಪ್ರಾಣಿ ಅಂತ ಗುರುತಿಸುವ ಹೊಸ ಕ್ಯಾಮೆರಾಗಳು ಸ್ವಲ್ಪ ಜಾಣ, ಅವೂ ಬೇಸ್ತು ಬೀಳುತ್ತವೆ. ದಿನಾ ಸಂಜೆ ಬಟ್ಟೆಯಲ್ಲಿ ಒಮ್ಮೆ ಒರೆಸುವುದೇ ಮದ್ದು. ಆಪ್‌ನಲ್ಲಿ ದನ ಮಲಗುವ ಜಾಗವನ್ನಷ್ಟೇ ಗುರುತು ಹಾಕಿ, ಉಳಿದದ್ದನ್ನು ಬಿಡು ಅನ್ನಲೂ ಬರುತ್ತದೆ.

ನಾಲ್ಕನೇ ರಾತ್ರಿ ಎರಡೂವರೆಗೆ ಅತ್ತೆ ನನಗೆ ಫೋನ್ ಮಾಡಿದರು. 'ತಮ್ಮಾ, ಎದ್ದು ಮಲಗಿ ಮಾಡ್ತಾ ಇದ್ದು, ಬಾಲ ಎತ್ತಿದ್ದು' ಅಂದರು. ನಾನು ಕಾರವಾರದಲ್ಲಿ ಚಿತ್ರ ತೆರೆಯುವಷ್ಟರಲ್ಲಿ ಅವರೇ ಚಿತ್ರದೊಳಗೆ ಬಂದಿದ್ದರು, ಕೈಯಲ್ಲಿ ಬಿಸಿನೀರಿನ ಪಾತ್ರೆ. ಹೆಣ್ಣು ಕರು.

ನೋಡುವವರ ಕಾಯಿಲೆ

ಕ್ಯಾಮೆರಾ ಇಟ್ಟ ಹೊಸದರಲ್ಲಿ ಒಂದು ಕಾಯಿಲೆ ಬರುತ್ತದೆ. ಐದು ನಿಮಿಷಕ್ಕೊಮ್ಮೆ ನೋಡುವುದು. ಬೆಕ್ಕು ದಿನಕ್ಕೆ 12ರಿಂದ 16 ತಾಸು ಮಲಗುವ ಪ್ರಾಣಿ. ಯಾವಾಗ ನೋಡಿದರೂ ಮಲಗಿಯೇ ಇರುತ್ತದೆ. ಹುಷಾರಿಲ್ಲವೇನೋ ಅಂತ ನಮಗೆ ಗಾಬರಿ. ನೋಡಬೇಕಾದದ್ದು ಬಟ್ಟಲು: ನೀರು ಇಳಿದಿದೆಯೇ, ಆಹಾರ ಮುಗಿದಿದೆಯೇ, ಮರಳಿನ ತಟ್ಟೆಗೆ ಹೋಗಿ ಬಂದಿದೆಯೇ. ಗಂಡು ಬೆಕ್ಕು ತಟ್ಟೆಯಲ್ಲಿ ಮತ್ತೆ ಮತ್ತೆ ಕೂತು ಏನೂ ಆಗದೆ ಏಳುತ್ತಿದ್ದರೆ ಮೂತ್ರ ಕಟ್ಟಿರಬಹುದು. ಅದು ತಡ ಮಾಡುವ ವಿಷಯವಲ್ಲ, ಕೂಡಲೇ ಪಶುವೈದ್ಯರ ಹತ್ತಿರ ಹೋಗಬೇಕು.

ನಾಯಿಯದ್ದು ಬೇರೆ. ನಾವು ಬಾಗಿಲು ಹಾಕಿ ಹೊರಟ ಮೊದಲ ಅರ್ಧ ತಾಸು ಮುಖ್ಯ. ಒಂಟಿತನ ತಡೆಯದ ನಾಯಿಯ ಒದ್ದಾಟ ಹೆಚ್ಚಾಗಿ ಆಗಲೇ ಶುರುವಾಗುತ್ತದೆ: ಬೊಗಳುವುದು, ಬಾಗಿಲು ಕೆರೆಯುವುದು, ಜೊಲ್ಲು ಸುರಿಸುವುದು. ಆಫೀಸಿಗೆ ಹೋದ ದಿನ ಕರಿಯ ಏನು ಮಾಡುತ್ತಾನೆ ಅಂತ ನೋಡಿದೆ. ಹತ್ತು ನಿಮಿಷ ಬಾಗಿಲ ಹತ್ತಿರ ಕೂತ. ಆಮೇಲೆ ನನ್ನ ಕುರ್ಚಿ ಹತ್ತಿ ಮಲಗಿದ. ಪ್ರೀತಿ ತೋರಿಸೋಣ ಅಂತ ಕ್ಯಾಮೆರಾದ ಸ್ಪೀಕರಿನಲ್ಲಿ 'ಕರಿಯಾ' ಅಂದೆ. ಪಾಪ, ಎದ್ದು ಅಡುಗೆಮನೆ, ಬಚ್ಚಲು, ಮಂಚದ ಕೆಳಗೆ ಎಲ್ಲ ಹುಡುಕಿದ. ದನಿ ಇದೆ, ಮನುಷ್ಯ ಇಲ್ಲ, ವಾಸನೆಯೂ ಇಲ್ಲ. ಕೆಲವು ನಾಯಿಗಳಿಗೆ ದನಿ ಕೇಳಿ ಸಮಾಧಾನ ಆಗಬಹುದು. ನಮ್ಮವನಿಗೆ ಆಗಲಿಲ್ಲ. ಮತ್ತೆ ಆ ಬಟನ್ ಮುಟ್ಟಿಲ್ಲ.

ಕಳ್ಳಗಣ್ಣಿನ ವಿಚಾರವನ್ನೂ ಹೇಳಲೇಬೇಕು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳನ್ನು ಹಿಡಿದುಕೊಂಡಿತು. ಅದು ಮಾಡಿದ್ದು ಇಷ್ಟೇ: ಕಾರ್ಖಾನೆಯಲ್ಲಿ ಹಾಕಿದ ಪಾಸ್‌ವರ್ಡುಗಳ ಒಂದು ಪಟ್ಟಿ ಇಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಿತು. ಬದಲಾಯಿಸದ ಮನೆಗಳ ಬಾಗಿಲು ತೆರೆಯಿತು. ಆ ಅಕ್ಟೋಬರ್‌ನಲ್ಲಿ ಅದರ ದಾಳಿಗೆ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವೇ ತಾಸುಗಟ್ಟಲೆ ಸಿಗದೆ ಹೋದವು. ಆದ್ದರಿಂದ ಪಾಸ್‌ವರ್ಡ್ ಬದಲಿಸಿ, ಬೇರೆಲ್ಲೂ ಬಳಸದ್ದನ್ನು ಇಡಿ. ಒಟಿಪಿ ಕೇಳುವ ಎರಡನೇ ಬೀಗ ಇದ್ದರೆ ಹಾಕಿ. ಅಪ್‌ಡೇಟ್ ಬಂದಾಗ ಮಾಡಿಸಿ. ಮಲಗುವ ಕೋಣೆಯಲ್ಲಿ ಕ್ಯಾಮೆರಾ ಬೇಡವೇ ಬೇಡ. ಕೆಲಸಕ್ಕೆ ಬರುವವರಿಗೆ, ಕೀಲಿ ಇಟ್ಟುಕೊಂಡವರಿಗೆ ಇಲ್ಲೊಂದು ಕ್ಯಾಮೆರಾ ಇದೆ ಅಂತ ಬಾಯಿಬಿಟ್ಟು ಹೇಳಿ. ಪಕ್ಕದ ಮನೆ ಅಕ್ಕನಿಗೆ ಹೇಳದೇ ಇದ್ದಿದ್ದರೆ ನನಗೇ ನಾಚಿಕೆಯಾಗುತ್ತಿತ್ತು. ಈಗ ಅವರು ಚಿನ್ನುವಿಗೆ ಮೀನು ಹಾಕಿ, ಕ್ಯಾಮೆರಾ ಕಡೆ ತಿರುಗಿ ಬಂಗುಡೆಯೋ ತಾರಲೆಯೋ ಅಂತ ಎತ್ತಿ ತೋರಿಸುತ್ತಾರೆ.

ಇನ್ನು ನಮ್ಮ ಆಫ್‌ಲೈನ್ ರಹಸ್ಯ. ಕ್ಯಾಮೆರಾದ ಹಿಂದೆ ಮೆಮೊರಿ ಕಾರ್ಡಿಗೆ ಒಂದು ಸಂದಿ ಇದೆ. ದುಡ್ಡು ಉಳಿಸಲು ನಾನು ಕಾರ್ಡ್ ಹಾಕಿರಲಿಲ್ಲ. ದಾರಿಯ ಲೆಕ್ಕವೆಲ್ಲ ತಿಳಿದಮೇಲೆ ಹೊಳೆಯಿತು. ರೆಕಾರ್ಡ್ ಮಾಡಲು ಕ್ಯಾಮೆರಾಗೆ ರೌಟರ್ ಬೇಡ, ಕರೆಂಟ್ ಇದ್ದರೆ ಸಾಕು. ರೌಟರ್ ಸತ್ತರೂ ಅದು ತನ್ನಷ್ಟಕ್ಕೆ ಬರೆದುಕೊಳ್ಳುತ್ತಲೇ ಇರುತ್ತದೆ. 64 ಜಿಬಿ ಕಾರ್ಡಿನಲ್ಲಿ 1 ಎಂಬಿಪಿಎಸ್ ಲೆಕ್ಕಕ್ಕೆ ಐದು ದಿನದಷ್ಟು ಹಿಡಿಯುತ್ತದೆ. ತುಂಬಿದಮೇಲೆ ಹಳೆಯದನ್ನು ಅಳಿಸಿ ಮುಂದೆ ಹೋಗುತ್ತದೆ. ಕಾರ್ಡ್ ಹಾಕಿ, ರೌಟರ್ ಇದ್ದ ಸಣ್ಣ ಸ್ಟೂಲ್ ಕಾಣುವಂತೆ ಕ್ಯಾಮೆರಾ ಸ್ವಲ್ಪ ತಿರುಗಿಸಿ, ಶಿರಸಿಗೆ ಹೋದೆವು. ಎಂದಿನಂತೆ ಆಫ್‌ಲೈನ್.

ಮನೆಗೆ ಬಂದು ಕಾರ್ಡ್ ನೋಡಿದೆವು. ನಾವು ಹೊರಟು ನಲವತ್ತು ನಿಮಿಷವಾಗಿತ್ತು. ಹೊರಗೆ ಧೋ ಅಂತ ಮಳೆ. ಚಿನ್ನು ಹಾಲ್‌ಗೆ ಬಂತು. ನಾವು ಕೂರುವ ಜಾಗವನ್ನೆಲ್ಲ ಮೂಸಿತು. ಸ್ಟೂಲ್ ಹತ್ತಿತು. ಬೆಚ್ಚಗಿನ ರೌಟರಿನ ಮೇಲೆ ಒಂದು ಸುತ್ತು ತಿರುಗಿ, ಮುಂಗಾಲು ಮಡಚಿ, ಹಿಂಭಾಗವನ್ನು ಸರಿಯಾಗಿ ಆ ಬಟನ್ನಿನ ಮೇಲೆ ಇಳಿಸಿತು. ಹೊಟ್ಟೆಯ ಕೆಳಗಿನ ಹಸಿರು ದೀಪಗಳು ಆರಿದವು. ಸ್ವಲ್ಪ ಹೊತ್ತಿಗೆ ರೌಟರ್ ತಣ್ಣಗಾಗಿರಬೇಕು. ಎದ್ದು, ಕ್ಯಾಮೆರಾ ಕಡೆ ಒಮ್ಮೆ ನೋಡಿ, ಇನ್ವರ್ಟರ್ ಕಡೆ ನಡೆಯಿತು.